ಖಡಕಿಯ ಮದ್ದು

ಕೊಂಢವಾ, ಪುಣೆ
12 ನವೆಂಬರ್ 2002

ಚಿ. ಕು. ರಕ್ಷಿತಾಳಿಗೆ ಆಶೀರ್ವಾದಗಳು.

ನನ್ನ ಹೆಸರು ಶಿವಗಂಗಾ ಮಮದಾಪುರ. ನೀನು ನನ್ನನ್ನು ಕಂಡಿಲ್ಲ, ಹೆಸರು ಕೇಳಿಯೂ ಇರಲಾರೆ. ನಮ್ಮೂರು ಜಮಖಂಡಿ. ಮದುವೆಯಾಗಿ ಪುಣೆಗೆ ಬಂದು ಇಪ್ಪತ್ತಾರು ವರ್ಷವಾಯಿತು. ನಮ್ಮ ಮನೆಯವರು ಪಿಂಪ್ರಿಯ ಒಂದು ಕಾರ್ಖಾನೆಯಲ್ಲಿದ್ದರು, ತೀರಿಕೊಂಡು ಹನ್ನೊಂದು ವರ್ಷ. ಅಂದಿನಿಂದ ನಾನು ಒಂದು ಸರಕಾರಿ ಆಫೀಸಿನಲ್ಲಿ ಕಾರಕೂನಳಾಗಿದ್ದೇನೆ.

ಖಡಕಿ ಬಜಾರಿನಲ್ಲಿ ನಿಮ್ಮ ತಂದೆ ಸಂಕಪ್ಪ ಶೆಟ್ಟರ ಹೋಟೆಲಿದೆಯಲ್ಲ, ಅಲ್ಲಿಗೆ ನಾನು ದಿನವೂ ಚಹಾಕ್ಕೆ ಹೋಗುವವಳು. ಮೊನ್ನೆ ಹೋದರೆ ಶಟರ್ ಎಳೆದು ಸೀಲು ಹಾಕಿತ್ತು. ಪಕ್ಕದ ಸೈಕಲ್ ಅಂಗಡಿಯವನನ್ನು ಕೇಳಿದೆ. ಶೆಟ್ಟರನ್ನು ಸಪ್ಟೆಂಬರಿನಲ್ಲೇ ಪೊಲೀಸರು ಕರೆದೊಯ್ದರು ಎಂದ. ಅವನ ಹತ್ತಿರವೇ ನಿಮ್ಮ ಊರಿನ ವಿಳಾಸ ಸಿಕ್ಕಿತು.

ನಾನು ಯಾರೋ, ನೀವು ಯಾರೋ. ನಿಮ್ಮ ಕುಂದಾಪುರದ ಕನ್ನಡವೂ ನನಗೆ ಪೂರ್ತಿ ತಿಳಿಯದು, ನೀವು ಮಾತಾಡಿದರೆ ಪದದ ಬಾಲ ಕತ್ತರಿಸಿದ ಹಾಗೆ ಕೇಳುತ್ತದೆ. ಆದರೂ ಒಂದು ಮನೆಗೆ ಇಂಥ ಕಷ್ಟ ಬಂದಾಗ ಒಂದು ಮಾತು ಕೇಳದೆ ಇರಲಾಗಲಿಲ್ಲ. ನೀನು ಹೇಗಿದ್ದೀ? ನಿನ್ನ ಅಮ್ಮ ಹೇಗಿದ್ದಾರೆ? ಊಟ ಮಾಡುತ್ತಾರೋ ಇಲ್ಲವೋ?

ಇಲ್ಲಿ ಆಫೀಸಿನವರು ನನ್ನನ್ನು ಗಂಗಾತಾಈ ಎನ್ನುತ್ತಾರೆ. ಮರಾಠಿಯಲ್ಲಿ ತಾಈ ಅಂದರೆ ಅಕ್ಕ. ತಾಯಿ ಆಗುವ ಯೋಗ ಬರಲಿಲ್ಲ, ಅಕ್ಕನಾಗಿ ಉಳಿದಿದ್ದೇನೆ. ನೀನೂ ಹಾಗೇ ಕರೆಯಬಹುದು. ಎರಡು ಸಾಲು ಬರೆದು ಹಾಕು.

ಇತಿ,
ಶಿವಗಂಗಾ


ಕೋಟೇಶ್ವರ
28 ನವೆಂಬರ್ 2002

ಪ್ರೀತಿಯ ಗಂಗಕ್ಕನಿಗೆ ನಮಸ್ಕಾರಗಳು.

ನಿಮ್ಮ ಕಾಗದ ಬಂದ ದಿನ ಅಮ್ಮ ಅದನ್ನು ಮೂರು ಸಲ ಓದಿಸಿಕೊಂಡರು. ಅಪ್ಪನನ್ನು ಹಿಡಿದ ಮೇಲೆ ನಮಗೆ ಬಂದ ಮೊದಲ ಕಾಗದ ಅದು. ಬಳಗದವರೆಲ್ಲ ರಸ್ತೆಯ ಆಚೆ ಬದಿಯಲ್ಲಿ ನಡೆಯುತ್ತಾರೆ. ಪಕ್ಕದ ಮನೆಯ ಪಂಕಜಾಕ್ಷಿ ಅಮ್ಮ ಬೇಲಿಯ ಹತ್ತಿರ ನಿಂತು ಮಾತಾಡುತ್ತಿದ್ದವರು ಈಗ ಬಾವಿಗೆ ಬರುವ ಹೊತ್ತನ್ನೇ ಬದಲಾಯಿಸಿಕೊಂಡಿದ್ದಾರೆ. ನಾನು ಇಲ್ಲೊಂದು ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳುತ್ತೇನೆ. ಇಪ್ಪತ್ತೆರಡು ಮಂದಿ ಇದ್ದದ್ದು ಒಂಬತ್ತಕ್ಕೆ ಬಂದಿದೆ. ನೀವೊಬ್ಬರು, ಒಂದು ಲೋಟ ಚಹಾದ ಋಣಕ್ಕೆ ಇಷ್ಟು ಬರೆದಿರಿ.

ಸಂಗತಿ ಏನೆಂದು ನಿಮಗೆ ಹೇಳಬೇಕು. ಖಡಕಿಯ ಮದ್ದುಗುಂಡಿನ ಕಾರ್ಖಾನೆಯ ಕೆಲಸಗಾರರು ಅಪ್ಪನ ಹೋಟೆಲಿಗೆ ಊಟಕ್ಕೆ ಬರುತ್ತಾರೆ. ಆ ಸುತ್ತಿನ ಫೋನುಗಳನ್ನೆಲ್ಲ ಯಾರೋ ಕದ್ದು ಕೇಳುತ್ತಿದ್ದರಂತೆ. ಅಪ್ಪ ಒಂದು ದಿನ ಅಮ್ಮನಿಗೆ ಫೋನಿನಲ್ಲಿ, ಖಡಕಿಯಲ್ಲಿ ಮದ್ದು ಸಿಕ್ಕಿದೆ, ಕಪ್ಪು ಹುಡಿ, ಬಸ್ಸಿನ ಹರಿಶ್ಚಂದ್ರನ ಕೈಯಲ್ಲಿ ಕಳಿಸುತ್ತೇನೆ, ಯಾರಿಗೂ ಹೇಳಬೇಡ ಎಂದಿದ್ದರು. ಅದನ್ನು ಮರಾಠಿಗೆ ಮಾಡಿದವರು ಮದ್ದು ಅಂದರೆ ಸಿಡಿಮದ್ದು ಎಂದು ಬರೆದಿದ್ದಾರೆ. ಕಾರ್ಖಾನೆಯಿಂದ ಸಿಡಿಮದ್ದು ಕದ್ದು ಊರಿಗೆ ಸಾಗಿಸಿದ್ದು ಎಂದು ಕೇಸು.

ಅದು ಅಮ್ಮನ ಮಂಡಿನೋವಿನ ಮದ್ದು, ಗಂಗಕ್ಕ. ಸೇತುವೆಯ ಹತ್ತಿರ ಯಾರೋ ನಾಟಿ ವೈದ್ಯ ಬಂದು ಕೂರುತ್ತಿದ್ದನಂತೆ, ಈಗ ಅವನ ಪತ್ತೆಯಿಲ್ಲ. ಪೊಲೀಸರು ಮನೆಗೆ ಬಂದು ಮದ್ದು ಎಲ್ಲಿ ಎಂದರು. ಮುಗಿದಿದೆ ಎಂದೆವು. "ಎಲ್ಲಿ ಬಳಸಿದಿರಿ?" ಎಂದು ಕೇಳಿದರು. ಅಮ್ಮ ಹೊಟ್ಟೆ ಮುಟ್ಟಿ ತೋರಿಸಿದರು. ಒಬ್ಬ ಪೊಲೀಸ್ ನಕ್ಕ. ನಗು ಬಂದರೂ ಕೇಸು ಕೇಸೇ.

ಅಕ್ಟೋಬರಿನಲ್ಲಿ ಅಮ್ಮನನ್ನು ಕರೆದುಕೊಂಡು ಜೈಲಿಗೆ ಹೋಗಿದ್ದೆ. ಭೇಟಿಯಲ್ಲಿ ಹಿಂದಿಯೋ ಮರಾಠಿಯೋ ಮಾತಾಡಬೇಕಂತೆ, ಪಕ್ಕದಲ್ಲಿ ನಿಂತವರಿಗೆ ತಿಳಿಯಬೇಕಲ್ಲ. ಅಮ್ಮನಿಗೆ ಎರಡೂ ಬಾರದು. ಇಪ್ಪತ್ತು ನಿಮಿಷ ಇಬ್ಬರೂ ಸುಮ್ಮನೆ ಮುಖ ನೋಡಿಕೊಂಡು ಕೂತರು, ಹೊತ್ತಾಯಿತು ಎಂದಾಗ ಎದ್ದು ಬಂದೆವು.

ಒಂದು ಬೇಡಿಕೆ. ನೀವು ಅಲ್ಲೇ ಇದ್ದೀರಿ, ನಿಮಗೆ ಮರಾಠಿ ಬರುತ್ತದೆ. ಒಂದು ಸಲ ಅಪ್ಪನನ್ನು ನೋಡಿ ಬರಲಾದೀತೇ? ಪರಿಚಯದ ಮುಖ ಕಂಡರೆ ಅವರಿಗೆ ಅಷ್ಟೇ ಸಾಕು.

ನಿಮ್ಮ ಕವರಿನ ಬಾಯಿ ಎರಡು ಸಲ ಅಂಟಿಸಿದ ಹಾಗಿತ್ತು. ಹುಷಾರು.

ನಿಮ್ಮ,
ರಕ್ಷಿತಾ


ಕೊಂಢವಾ, ಪುಣೆ
19 ಡಿಸೆಂಬರ್ 2002

ಚಿ. ರಕ್ಷಿತಾಳಿಗೆ ಗಂಗಕ್ಕನ ಆಶೀರ್ವಾದ.

ಗಂಗಕ್ಕ ಅಂದೆಯಲ್ಲ, ಭಾಳ ಹಿತವಾಯಿತು. ಜಮಖಂಡಿ ಬಿಟ್ಟ ಮೇಲೆ ಯಾರೂ ಹಾಗೆ ಕರೆದಿರಲಿಲ್ಲ.

ಜೈಲಿಗೆ ಹೋಗುವುದು ನನ್ನಿಂದ ಆಗುವುದಿಲ್ಲ. ಸಿಟ್ಟಾಗಬೇಡ. ಸರಕಾರಿ ನೌಕರಳು ನಾನು, ಅಲ್ಲಿಯ ಪುಸ್ತಕದಲ್ಲಿ ಹೆಸರು ಬರೆಸಿ ಸಹಿ ಮಾಡಬೇಕು. ನಮ್ಮ ಆಫೀಸಿನಲ್ಲಿ ಗೋಡೆಗೂ ಕಿವಿ ಅಂತಾರಲ್ಲ, ಹಾಗಲ್ಲ, ಗೋಡೆ ಬಿಟ್ಟು ಉಳಿದವರಿಗೆಲ್ಲ ಕಿವಿ. ನನ್ನನ್ನು ಅಂಜುಬುರುಕಿ ಅಂದುಕೋ, ಪರವಾಗಿಲ್ಲ. ಹೌದು ನಾನು.

ಕವರಿನ ವಿಷಯ ನೀನು ಸರಿಯಾಗಿಯೇ ಗಮನಿಸಿದೆ. ಅಂಟನ್ನು ಹಬೆ ತೋರಿಸಿ ಬಿಡಿಸುತ್ತಾರೆ. ಅದಕ್ಕೇ ಈ ಸಲ ಬಾಯಿಯನ್ನು ದಾರದಿಂದ ಹೊಲಿದಿದ್ದೇನೆ, ಕೌದಿ ಹೊಲಿಗೆ. ನನ್ನ ಅವ್ವ ಕಲಿಸಿದ್ದು. ಬಿಚ್ಚಿದರೆ ದಾರ ಹರಿಯಲೇಬೇಕು, ಮತ್ತೆ ಹಾಗೆ ಹೊಲಿಯುವುದು ಪುಣೆಯ ಗಂಡಸರ ಕೈಲಿ ಸಾಧ್ಯವಿಲ್ಲ. ಒಂದು ಇಂಚಿಗೆ ಒಂಬತ್ತು ಹೊಲಿಗೆ ಇರಬೇಕು, ಎಣಿಸಿ ನೋಡು.

ಕ್ಲಾಸಿನಲ್ಲಿ ಒಂಬತ್ತು ಮಂದಿಯಾದರೂ ಇದ್ದಾರಲ್ಲ ನಿನಗೆ. ನನಗೆ ಆಫೀಸಿನಲ್ಲಿ ಬೆಳಗಿನಿಂದ ಸಂಜೆವರೆಗೆ ಮಾತೇ ಮಾತು, ಕಿವಿ ಸುಡುವಷ್ಟು. ಅದರಲ್ಲಿ ಒಂದೂ ನನಗೆ ಆಡಿದ್ದಲ್ಲ. ಮನೆಗೆ ಬಂದು ಬಾಗಿಲು ಹಾಕಿದರೆ ಕುಕ್ಕರಿನ ಸೀಟಿ ಬಿಟ್ಟು ಬೇರೆ ದನಿಯಿಲ್ಲ. ಕೆಳಗಿನ ಮನೆಯವರು ಗುಜರಾತಿಗಳು, ಮೇಲಿನವರು ಯಾರೋ ಗೊತ್ತಿಲ್ಲ. ಭಾನುವಾರ ಬಂದರೆ ನನಗೆ ಹೆದರಿಕೆ. ನಿನ್ನ ಕಾಗದ ಬಂದ ವಾರದ ಭಾನುವಾರ ಮಾತ್ರ ಹಾಗಾಗಲಿಲ್ಲ, ಜೋಳದ ರೊಟ್ಟಿ ಮಾಡಿಕೊಂಡು ಉಂಡೆ.

ಅಮ್ಮನನ್ನು ನೋಡಿಕೋ. ಈ ಚಿಂತೆಯಲ್ಲಿ ಬೀಳುವುದು ಜಾಸ್ತಿಯಾಗಿರಬೇಕು. ಒಲೆಯ ಹತ್ತಿರ, ಬಾವಿಯ ಹತ್ತಿರ ಅವರನ್ನು ಒಬ್ಬರನ್ನೇ ಬಿಡಬೇಡ. ಬಿದ್ದಾಗ ಕೈಗೆ ಕಬ್ಬಿಣ ಕೊಡುವುದು, ಬೀಗದ ಕೈ ಕೊಡುವುದು ಮಾಡುತ್ತಾರೆ, ಅದರಿಂದ ಏನೂ ಆಗುವುದಿಲ್ಲ. ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ಮೆತ್ತನೆಯದೇನಾದರೂ ಇಡು. ಒಳ್ಳೆಯ ಡಾಕ್ಟರಿಗೆ ತೋರಿಸು, ಈಗ ಇದಕ್ಕೆ ಒಳ್ಳೊಳ್ಳೆಯ ಗುಳಿಗೆ ಬಂದಿವೆ.

ಬೇಗ ಬರೆ.

ನಿನ್ನ,
ಗಂಗಕ್ಕ


ಕೋಟೇಶ್ವರ
4 ಜನವರಿ 2003
(ಹರಿಶ್ಚಂದ್ರನ ಕೈಯಲ್ಲಿ)

ಶಿವಗಂಗಾ ಅವರಿಗೆ,

ಹೊಲಿಗೆ ಹಾಗೇ ಇತ್ತು. ಇಂಚಿಗೆ ಒಂಬತ್ತೇ. ಕತ್ತರಿಸಿ ಓದಿದೆ.

ನನ್ನ ಅಮ್ಮನಿಗೆ ಮಂಡಿನೋವು ಎಂದು ನಾನು ಬರೆದಿದ್ದೆ. ಅದು ಸುಳ್ಳು. ಅಮ್ಮನಿಗೆ ಮೂರ್ಛೆ ಬಂದು ಬೀಳುವ ಕಾಯಿಲೆ. ಅದು ಈ ಲೋಕದಲ್ಲಿ ಮೂವರಿಗೆ ಮಾತ್ರ ಗೊತ್ತು: ಅಪ್ಪನಿಗೆ, ಅಮ್ಮನಿಗೆ, ನನಗೆ. ನನ್ನ ಮದುವೆಯ ಮಾತು ನಡೆದಿತ್ತು. ತಾಯಿಗೆ ಹೀಗಂತೆ ಎಂದು ಗೊತ್ತಾದರೆ ಗಂಡಿನ ಕಡೆಯವರು ಬರುವುದಿಲ್ಲ ಎಂದು ಅಪ್ಪ ಊರಿನ ಡಾಕ್ಟರಿಗೂ ತೋರಿಸದೆ ಪುಣೆಯಿಂದ ಮದ್ದು ಕಳಿಸಿದ್ದರು. ಪೊಲೀಸರ ಮುಂದೆಯೂ ಅಪ್ಪ ಕಾಯಿಲೆಯ ಹೆಸರು ಹೇಳಿಲ್ಲ. ಮದ್ದು ಯಾರಿಗೆಂದು ಆ ನಾಟಿ ವೈದ್ಯನಿಗೂ ಹೇಳಿರಲಿಲ್ಲ. ಹರಿಶ್ಚಂದ್ರನಿಗೂ ಪೊಟ್ಟಣದಲ್ಲಿ ಏನೆಂದು ತಿಳಿಯದು, ಪೊಲೀಸರು ವಿಚಾರಿಸಿ ಬಿಟ್ಟರು.

ಹಾಗಾದರೆ ನಿಮಗೆ ಹೇಳಿದವರು ಯಾರು?

ನಿಮ್ಮ ಮೊದಲ ಕಾಗದವನ್ನು ತೆಗೆದು ಮತ್ತೆ ಓದಿದೆ. ಹೋಟೆಲಿಗೆ ದಿನವೂ ಹೋಗುವವರು ಎರಡು ತಿಂಗಳ ಮೇಲೆ ಶಟರ್ ನೋಡಿದಿರಿ. ಆ ಸೈಕಲ್ ಅಂಗಡಿಯವನಿಗೆ ನಮ್ಮ ಊರಿನ ಹೆಸರೂ ಗೊತ್ತಿಲ್ಲ, ಫೋನ್ ಮಾಡಿ ಕೇಳಿದೆ.

ನಾನು ಏನೋ ಊಹಿಸಿದ್ದೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ. ನೀವೂ ಕಾಗದದಲ್ಲಿ ಬರೆಯಬೇಡಿ, ಹೊಲಿದ ಕವರಿನಲ್ಲಾದರೂ ಸರಿ.

ಹರಿಶ್ಚಂದ್ರ ಕೊಡುವ ಫ್ಲಾಪಿಯಲ್ಲಿ ಒಂದು ಬೀಗ ಇದೆ. ನನ್ನ ಕ್ಲಾಸಿನ ಮಕ್ಕಳಿಗೆ ಹೇಳುವ ಹಾಗೆ ಹೇಳುತ್ತೇನೆ. ಬಾಯಿ ತೆರೆದ ಬೀಗವನ್ನು ಯಾರಿಗೆ ಬೇಕಾದರೂ ಕೊಡಬಹುದು. ಅದನ್ನು ಒತ್ತಿ ಮುಚ್ಚಲು ಕೀ ಬೇಡ. ತೆಗೆಯುವ ಕೀ ನನ್ನ ಹತ್ತಿರ ಮಾತ್ರ ಇದೆ, ಅದು ಈ ಮನೆ ದಾಟಿ ಹೋಗಿಲ್ಲ. ಒಂದು ಸಲ ಮುಚ್ಚಿದರೆ ಪೊಲೀಸರಿಗೂ ಬರುವುದಿಲ್ಲ, ಬರೆದ ನಿಮಗೂ ತೆಗೆಯಲು ಬರುವುದಿಲ್ಲ. ಯಾವುದಾದರೂ ಸೈಬರ್ ಕೆಫೆಗೆ ಹೋಗಿ. ಏನೇನು ಒತ್ತಬೇಕೆಂದು ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಮುಚ್ಚಿದ್ದನ್ನು ಅಲ್ಲಿ ಕೊಟ್ಟ ಇಮೇಲಿಗೆ ಕಳಿಸಿ.

ನಾನೊಬ್ಬಳೇ ಓದುತ್ತೇನೆ. ಬೇರೆ ಯಾರಿಗೂ ತೋರಿಸುವುದಿಲ್ಲ. ಇದು ಮಾತು.

ರಕ್ಷಿತಾ


ಕೊಂಢವಾ
26 ಜನವರಿ 2003
(ಬೀಗ ಹಾಕಿದ್ದು)

ರಕ್ಷಿತಾ,

ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಒಂದೊಂದೇ ಬೆರಳಿನಿಂದ ಕುಟ್ಟುತ್ತಿದ್ದೇನೆ, ತಪ್ಪಿದ್ದರೆ ಹೊಂದಿಸಿಕೋ. ಇಂದು ರಜೆ. ಆಫೀಸಿನಲ್ಲಿ ಝೆಂಡಾಕ್ಕೆ ಕೈಮುಗಿದು ನೇರ ಇಲ್ಲಿಗೆ ಬಂದೆ.

ಕೆಫೆಯವನು ಮಾಂತು ಅಂತ, ನಮ್ಮ ವಿಜಾಪುರದ ಕಡೆಯವನು. "ಅಕ್ಕಾರ, ಮೊದಲ ರಜಿಸ್ಟರದಾಗ ಹೆಸರು, ಪತ್ತೆ ಬರೀರಿ. ಇಲ್ಲಾಂದ್ರ ಪೊಲೀಸರು ನನಗ ಬಿಡಂಗಿಲ್ರಿ" ಎಂದ. ಆ ರಜಿಸ್ಟರುಗಳು ಕಡೆಗೆ ಯಾರ ಮೇಜಿಗೆ ಬರುತ್ತವೆ ಎಂದು ನನಗೆ ಗೊತ್ತು. ಸತ್ತ ನನ್ನ ಅವ್ವನ ಹೆಸರು ಬರೆದೆ. ನಮ್ಮ ಸಾಹೇಬರು ಹೇಳುತ್ತಿರುತ್ತಾರೆ, ಬೀಗ ಹಾಕಿದವನೇ ಕಳ್ಳ ಎಂದು. ಕಳ್ಳ ಬೀಗ ಹಾಕಿದ್ದನ್ನು ನಾನಂತೂ ಕಂಡಿಲ್ಲ, ಆದರೆ ಸಾಹೇಬರ ಮುಂದೆ ಯಾರು ಹೇಳಬೇಕು.

ನೀನು ಊಹಿಸಿದ್ದು ಸರಿ. ನಿನ್ನ ತಂದೆಯ ಫೋನು ಕೇಳಿದವಳು ನಾನು. ಆ ಹೋಟೆಲಿನಲ್ಲಿ ನಾನು ಒಂದು ಗುಟುಕು ಚಹಾ ಕುಡಿದಿಲ್ಲ. ನಮ್ಮ ಆಫೀಸಿಗೆ ಬೋರ್ಡ್ ಇಲ್ಲ. ಪುಣೆಯಲ್ಲಿ ಕನ್ನಡದಲ್ಲಿ ಆಡುವ ಫೋನಿನ ಕ್ಯಾಸೆಟ್ಟುಗಳು ನನ್ನ ಮೇಜಿಗೆ ಬರುತ್ತವೆ. ಕಿವಿಗೆ ಹಾಕಿಕೊಂಡು ಕೇಳಿ, ಬೇಕಾದ್ದನ್ನು ಮರಾಠಿಯಲ್ಲಿ ಬರೆದು, ಕ್ಯಾಸೆಟ್ ಅಳಿಸಲು ಕೊಡಬೇಕು. ಅದರ ಮೇಲೆ ಮತ್ತೆ ಬೇರೆಯವರ ಮಾತು ತುಂಬುತ್ತಾರೆ. ಹಾಗಾಗಿ ನಿನ್ನ ತಂದೆಯ ದನಿ ಈಗ ಎಲ್ಲೂ ಇಲ್ಲ. ಇರುವುದು ನಾನು ಬರೆದ ಹಾಳೆ ಒಂದೇ.

ಏಪ್ರಿಲಿನಿಂದ ಸಪ್ಟೆಂಬರಿನವರೆಗೆ ನಿಮ್ಮ ಮನೆಯ ಮಾತು ಕೇಳಿದೆ. ಮಧ್ಯಾಹ್ನ ಮೂರೂವರೆಗೆ ಹೋಟೆಲು ಖಾಲಿಯಾದಾಗ ನಿನ್ನ ತಂದೆ ಫೋನು ಮಾಡುತ್ತಿದ್ದರು. ನಿನ್ನ ಅಮ್ಮ ಬಿದ್ದು ಮೊಣಕೈ ಸುಟ್ಟುಕೊಂಡದ್ದು, ಮುಂಗುಸಿ ಕೋಳಿ ಹೊತ್ತೊಯ್ದದ್ದು, ಪಂಕಜಾಕ್ಷಿ ಹಲಸಿನ ಕೊಂಬೆಗಾಗಿ ಜಗಳ ತೆಗೆದದ್ದು, ಎಲ್ಲ ನನಗೆ ಗೊತ್ತು. ಮರುದಿನ ಬೆಳಿಗ್ಗೆ ಆ ಕ್ಯಾಸೆಟ್ ಬರುವುದನ್ನು ನಾನು ಕಾಯುತ್ತಿದ್ದೆ. ಫೋನ್ ಇಡುವ ಮೊದಲು ನಿನ್ನ ತಂದೆ "ಮತ್ತೆ?" ಎನ್ನುತ್ತಿದ್ದರು. ಅಮ್ಮ "ಎಂತ ಇಲ್ಲೆ" ಎನ್ನುತ್ತಿದ್ದರು. ಆಮೇಲೂ ಇಬ್ಬರೂ ಸ್ವಲ್ಪ ಹೊತ್ತು ಇಡುತ್ತಿರಲಿಲ್ಲ. ಆ ಸುಮ್ಮನಿದ್ದದ್ದನ್ನು ಮುಂದಕ್ಕೆ ಓಡಿಸಬಹುದಿತ್ತು, ನಾನು ಓಡಿಸುತ್ತಿರಲಿಲ್ಲ, ಕೇಳುತ್ತಿದ್ದೆ.

ಇನ್ನು ಆ ಮಾತು. ನಮ್ಮ ಕಡೆ ಮದ್ದು ಅಂದರೆ ಸಿಡಿಯುವುದು. ಮದುವೆಯಲ್ಲಿ ಮದ್ದು ಹಾರಿಸುತ್ತೇವೆ. ಕಾಯಿಲೆಗೆ ತೆಗೆದುಕೊಳ್ಳುವುದನ್ನು ಔಷಧ ಎನ್ನುತ್ತೇವೆ, ಗುಳಿಗೆ ಎನ್ನುತ್ತೇವೆ. ಖಡಕಿ, ಮದ್ದು, ಕಪ್ಪು ಹುಡಿ ಎಂದು ಕೇಳಿದ ಕೂಡಲೇ ಹಿಂದಕ್ಕೆ ಓಡಿಸಿ ಮತ್ತೊಮ್ಮೆ ಕೇಳಿದೆ. ಖಡಕಿ ಎಂಬ ಹೆಸರು ಬಂದರೆ ಸಾಹೇಬರನ್ನು ಕರೆಯಬೇಕು ಎಂದು ನಿಯಮ. ಕ್ಯಾಸೆಟ್ ನಿಲ್ಲಿಸಿ ಕರೆದೆ. ಅವರು "ದಾರೂಗೋಳಾ ನಾ, ತಾಈ?" ಎಂದರು, ಸಿಡಿಮದ್ದೇ ತಾನೇ ಎಂದು. ನಾನು "ಹೋ ಸಾಹೇಬ", ಹೌದು ಎಂದೆ. ತಪ್ಪು ನಡೆದದ್ದು ಹೀಗೆ. ನಿಮ್ಮ ಕನ್ನಡ ನನಗೆ ತಿಳಿಯಲಿಲ್ಲ.

ಈ ಮಾತನ್ನು ಬಾಯಿಬಿಟ್ಟರೆ ಕೆಲಸ ಹೋಗುತ್ತದೆ, ಜೈಲೂ ಆಗಬಹುದು. ಹಾಗೆಂದು ಸಹಿ ಹಾಕಿಸಿಕೊಂಡಿದ್ದಾರೆ. ನಾನೊಬ್ಬಳೇ ಓದುತ್ತೇನೆ ಎಂದು ನೀನು ಅಂದಿದ್ದಕ್ಕೆ ಹೇಳಿದೆ. ಇನ್ನು ಬೀಗ ಒತ್ತುತ್ತೇನೆ.

ನನ್ನನ್ನು ಕ್ಷಮಿಸು ಎಂದು ಬರೆದು ಎರಡು ಸಲ ಅಳಿಸಿದೆ. ಮೂರನೆಯ ಸಲ ಬರೆದಿದ್ದೇನೆ, ಹಾಗೇ ಇರಲಿ.

ಗಂಗಕ್ಕ


ಕೋಟೇಶ್ವರ
22 ಮಾರ್ಚ್ 2003
(ಹರಿಶ್ಚಂದ್ರನ ಕೈಯಲ್ಲಿ)

ಶಿವಗಂಗಾ ಮಮದಾಪುರ ಅವರಿಗೆ,

ನಿಮ್ಮ ಬೀಗ ತೆರೆದು ಓದಿ ಎರಡು ತಿಂಗಳಾಗುತ್ತ ಬಂತು. ಓದಿದ ದಿನ ನಾನು ಮಾಡಿದ ಮೊದಲ ಕೆಲಸ ಫೋನಿನ ತಂತಿ ಕಿತ್ತದ್ದು.

ಅಪ್ಪ ಅಮ್ಮನ ಮದುವೆಯಾಗಿ ಇಪ್ಪತ್ತೇಳು ವರ್ಷ. ಒಂದೇ ಸೂರಿನಡಿ ಇದ್ದ ದಿನಗಳನ್ನು ಕೂಡಿಸಿದರೆ ಮೂರು ವರ್ಷ ಆಗಲಿಕ್ಕಿಲ್ಲ. ಅವರ ಸಂಸಾರ ನಡೆದದ್ದು ಆ ಮಧ್ಯಾಹ್ನದ ಫೋನಿನಲ್ಲಿ. ಅಪ್ಪ ಫೋನ್ ಮಾಡುವ ಹೊತ್ತಿಗೆ ನಾನೂ ಜಗಲಿಗೆ ಎದ್ದು ಹೋಗುತ್ತಿದ್ದೆ. ಮಗಳು ಎದ್ದು ಹೋಗುತ್ತಿದ್ದ ಕೋಣೆಯಲ್ಲಿ ನೀವು ಬಂದು ಕೂತಿದ್ದಿರಿ. ಒಂಟಿ ಇದ್ದೆ ಎನ್ನುತ್ತೀರಿ. ಇರಬಹುದು. ಅದಕ್ಕೆ ನಾವೇನು ಮಾಡಬೇಕಿತ್ತು?

ಈಗ ಕೆಲಸದ ಮಾತು. ಕೀ ನನ್ನ ಹತ್ತಿರ ಇದೆ. ನಿಮ್ಮ ಕಾಗದವನ್ನು ಪ್ರಿಂಟ್ ಮಾಡಿ ನಮ್ಮ ವಕೀಲರಾದ ಬಿಂದುಮಾಧವ ಅವರ ಮೇಜಿನ ಮೇಲೆ ಇಟ್ಟರೆ ಮುಗಿಯಿತು. ಎಷ್ಟೋ ಸಲ ಪ್ರಿಂಟರ್ ಹಚ್ಚಿ ಮತ್ತೆ ಆರಿಸಿದ್ದೇನೆ. ನಾನೊಬ್ಬಳೇ ಓದುತ್ತೇನೆ ಎಂದು ಮಾತು ಕೊಟ್ಟೆ. ಅದನ್ನು ಮುರಿದರೆ ನಾನೂ ಕದ್ದು ಕೇಳಿ ಹಾಳೆ ಬರೆದುಕೊಟ್ಟವಳೇ ಆಗುತ್ತೇನೆ. ಅಪ್ಪ ಒಳಗಿದ್ದಾರೆ, ನಾನು ಮಾತು ಹಿಡಿದುಕೊಂಡು ಕೂತಿದ್ದೇನೆ. ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ಹಾಗಾಗಿ ಕೇಳುತ್ತಿದ್ದೇನೆ: ನೀವೇ ಹೇಳಿ. ಬೀಗದೊಳಗೆ ಹೇಳಿದ್ದರಿಂದ ನಿಮ್ಮ ಎದೆ ಹಗುರಾಗಿರಬಹುದು, ಅಪ್ಪನ ಬಾಗಿಲು ತೆರೆಯಲಿಲ್ಲ.

ನಿಮ್ಮ ಹೆಸರೆತ್ತದೆ ವಕೀಲರನ್ನು ಕೇಳಿದೆ. ಬರೆದವರೇ ಬಂದು ಭಾಷೆಯ ತಪ್ಪಾಯಿತು ಎಂದರೆ ಅವರಿಗೆ ದೊಡ್ಡ ತೊಂದರೆ ಆಗಲಿಕ್ಕಿಲ್ಲ ಎಂದರು. ಆದರೆ ಅಷ್ಟರಿಂದ ಅಪ್ಪ ಬಿಡುಗಡೆ ಆಗುವುದೂ ಸಂಶಯ. ಮದ್ದಿಗೆ ಎರಡು ಅರ್ಥ ಇದೆ, ಶೆಟ್ಟರದು ಯಾವ ಅರ್ಥ ಎಂದು ಯಾರು ಕಂಡರು ಎಂದು ಎದುರಿನವರು ಕೇಳುತ್ತಾರಂತೆ.

ಅದಕ್ಕೇ ಒಂದು ಪ್ರಶ್ನೆ. ಅದೇ ಫೋನಿನಲ್ಲಿ ಅಪ್ಪ ಮದ್ದನ್ನು ಹೇಗೆ ತೆಗೆದುಕೊಳ್ಳಬೇಕೆಂದೂ ಹೇಳಿದ್ದರು ಎಂದು ಅಮ್ಮ ಹೇಳುತ್ತಾರೆ. ಹೆಂಡತಿಯ ಮಾತನ್ನು ಕೋರ್ಟು ನಂಬುವುದಿಲ್ಲ. ನೀವು ಸಾಹೇಬರಿಗೆ ಬರೆದುಕೊಟ್ಟ ಹಾಳೆಯ ಪ್ರತಿ ವಕೀಲರ ಹತ್ತಿರ ಇದೆ, ಅದರಲ್ಲಿ ಆ ಮಾತಿಲ್ಲ. ನನಗೆ ಕಳಿಸಿದ ಕಾಗದದಲ್ಲೂ ಇಲ್ಲ. ಮುಂಗುಸಿ ಕೋಳಿ ಹೊತ್ತೊಯ್ದದ್ದು ನೆನಪಿದೆ ನಿಮಗೆ. ಇದನ್ನು ಕೇಳಲಿಲ್ಲವೇ?

ಅಮ್ಮ ಒಂದು ಮಾತು ಹೇಳಿ ಕಳಿಸಿದ್ದಾರೆ. ಕಾಯಿಲೆಯ ಹೆಸರನ್ನು ಕೋರ್ಟಿನಲ್ಲಿ ಹೇಳಬಹುದಂತೆ. ಗಂಡಿನ ಕಡೆಯವರು ಹೇಗೂ ಅಕ್ಟೋಬರಿನಲ್ಲೇ ಬೇಡ ಎಂದಿದ್ದಾರೆ.

ವಿಚಾರಣೆ ಏಪ್ರಿಲ್ 21ಕ್ಕೆ, ಪುಣೆಯಲ್ಲಿ.

ರಕ್ಷಿತಾ


ಕೋಟೇಶ್ವರ
8 ಏಪ್ರಿಲ್ 2003

ಕಾಗದ ಕೊಟ್ಟ ಮೇಲೆ ಉತ್ತರಕ್ಕಾಗಿ ಹರಿಶ್ಚಂದ್ರ ಎರಡು ಸಲ ನಿಮ್ಮ ಮನೆಗೆ ಬಂದು ಬಾಗಿಲು ಬಡಿದನಂತೆ. ಒಳಗೆ ದೀಪ ಇತ್ತಂತೆ, ಬಾಗಿಲು ತೆರೆಯಲಿಲ್ಲವಂತೆ.

ಇನ್ನು ಹದಿಮೂರು ದಿನ. ನಾನು ಇನ್ನೂ ಯಾರಿಗೂ ತೋರಿಸಿಲ್ಲ.

ರಕ್ಷಿತಾ


ಅಂಚೆ ಕಾರ್ಡು
ಕೊಂಢವಾ, ಪುಣೆ
15 ಏಪ್ರಿಲ್ 2003

ರಕ್ಷಿತಾ,

ಬೇಕೆಂದೇ ಕಾರ್ಡಿನಲ್ಲಿ ಬರೆಯುತ್ತಿದ್ದೇನೆ. ಪೋಸ್ಟಿನವರು ಓದಲಿ, ನಮ್ಮ ಸಾಹೇಬರು ಓದಲಿ, ನಿಮ್ಮ ಪಂಕಜಾಕ್ಷಿಯೂ ಓದಲಿ. ಇಂಥದೇ ಇನ್ನೊಂದನ್ನು ವಕೀಲರಿಗೆ ಹಾಕಿದ್ದೇನೆ.

ನೀನು ಕೇಳಿದ ಆ ಮಾತು ನನ್ನ ಕಿವಿಗೆ ಬಿದ್ದಿತ್ತು. ಸಾಹೇಬರು ಹೋದ ಮೇಲೆ ಉಳಿದ ಕ್ಯಾಸೆಟ್ ಹಚ್ಚಿದೆ. ನಿನ್ನ ತಂದೆ ಹೇಳಿದ್ದು ಇದು: "ಖಾಲಿ ಹೊಟ್ಟೆಗೆ ತಕಂಬುಕಾಗ. ಉಂಡ್ ಮೇಲೆ, ಜೇನ್‌ತುಪ್ಪದಗೆ ಕಲ್ಸಿ ತಕೊ." ಸಿಡಿಮದ್ದನ್ನು ಯಾರೂ ಉಂಡ ಮೇಲೆ ಜೇನುತುಪ್ಪದಲ್ಲಿ ಕಲಸಿ ತಿನ್ನುವುದಿಲ್ಲ. ಅಷ್ಟು ತಿಳಿಯಲು ನಿಮ್ಮ ಕನ್ನಡ ಬೇಕಾಗಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಾನೂ ಶಾಲೆಯಲ್ಲಿ ಓದಿದವಳೇ.

ಆದರೆ ಅಷ್ಟರಲ್ಲಿ ಸಾಹೇಬರು ನನ್ನ ಮೇಜಿನ ಹತ್ತಿರ ನಿಂತು, ಎಲ್ಲರೂ ಕೇಳುವ ಹಾಗೆ "ಶಾಬಾಸ್ ಗಂಗಾತಾಈ" ಎಂದು ಹೋಗಿದ್ದರು. ಹನ್ನೊಂದು ವರ್ಷದಲ್ಲಿ ಆ ಆಫೀಸಿನಲ್ಲಿ ಯಾರೂ ನನ್ನ ಹೆಸರು ಹಿಡಿದು ಒಂದು ಒಳ್ಳೆಯ ಮಾತು ಆಡಿರಲಿಲ್ಲ. ಅದನ್ನು ಹಿಂದಕ್ಕೆ ಕೊಡಲು ಮನಸ್ಸಾಗಲಿಲ್ಲ. "ಉಳಿದದ್ದು ಸಂಬಂಧವಿಲ್ಲದ ಮಾತು" ಎಂದು ಬರೆದು ಸಹಿ ಹಾಕಿದೆ. ನಿನಗೆ ಬೀಗದೊಳಗೂ ಸುಳ್ಳೇ ಹೇಳಿದೆ.

ಇದು ಭಾಷೆಯ ತಪ್ಪಲ್ಲ, ಭಾಷೆಯ ತಪ್ಪಾಯಿತು ಎಂದು ನಾನು ಹೇಳುವುದೂ ಇಲ್ಲ. 21ಕ್ಕೆ ಬರುತ್ತೇನೆ. ಇದನ್ನೆಲ್ಲ ಕೋರ್ಟಿನಲ್ಲಿ ಕನ್ನಡದಲ್ಲೇ ಹೇಳುತ್ತೇನೆ, ಮರಾಠಿಗೆ ಮಾಡುವವರನ್ನು ಅವರು ಬೇರೆ ಹುಡುಕಿಕೊಳ್ಳಲಿ.

ಶಿವಗಂಗಾ ಮಮದಾಪುರ